ಲೂಪಸ್ ಪತ್ತೆ: ಒಂದೇ ಹೆಸರಿನ ಪರೀಕ್ಷೆ, ಬೇರೆ ಬೇರೆ ಉತ್ತರ

ಲೂಪಸ್ ಶಂಕೆಯಿರುವ ಒಬ್ಬರ ರಕ್ತವನ್ನು ಎಎನ್‌ಎ ಎಂಬ ಪ್ರತಿಕಾಯ ಪರೀಕ್ಷೆಗಾಗಿ ಎರಡು ಪ್ರಯೋಗಾಲಯಗಳಿಗೆ ಕೊಟ್ಟರೆ ಒಂದರಿಂದ ‘ಎಎನ್‌ಎ ಪಾಸಿಟಿವ್’ ಎಂದೂ ಇನ್ನೊಂದರಿಂದ ‘ಎಎನ್‌ಎ ನೆಗೆಟಿವ್’ ಎಂದೂ ವರದಿ ಬರುವುದುಂಟು. ಇಬ್ಬರಲ್ಲಿ ಒಬ್ಬರು ತಪ್ಪು ಮಾಡಿರಬೇಕು ಎಂದು ರೋಗಿಯೂ ಮನೆಯವರೂ ತೀರ್ಮಾನಿಸಿ, ಮೂರನೆಯ ಕಡೆ ಮತ್ತೆ ರಕ್ತ ಕೊಡುತ್ತಾರೆ. ಅನೇಕ ಸಲ ಯಾರ ಕೈಯೂ ತಪ್ಪಿರುವುದಿಲ್ಲ. ಒಂದು ಲ್ಯಾಬಿನಲ್ಲಿ ತಜ್ಞರು ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ನೋಡಿ ಬರೆದಿರುತ್ತಾರೆ, ಇನ್ನೊಂದರಲ್ಲಿ ಯಂತ್ರ ಬಣ್ಣದ ಗಾಢತೆಯನ್ನು ಅಳೆದು ಬರೆದಿರುತ್ತದೆ. ವರದಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು. ಲೂಪಸ್ ಪರೀಕ್ಷೆಗಳ ಸುತ್ತ ಇಂದು ಇರುವ ಗೊಂದಲದ ದೊಡ್ಡ ಪಾಲು ಹುಟ್ಟುವುದು ಇಲ್ಲಿಂದಲೇ. ವಿಧಾನದ ಹೆಸರಿಲ್ಲದ ಫಲಿತಾಂಶ ಅರ್ಧ ಫಲಿತಾಂಶ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ತಿಳಿಯಬೇಕಾದರೆ ಪರೀಕ್ಷೆಗಳು ನಡೆಯುವ ಬಗೆಯನ್ನೇ ನೋಡಬೇಕು.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿ ಬೀಳುವ ಕಾಯಿಲೆಗಳಲ್ಲಿ ಲೂಪಸ್ ಒಂದು. ಒಬ್ಬರಿಗೆ ಕೆನ್ನೆಯ ಮೇಲೆ ಕೆಂಪು ದದ್ದು, ಇನ್ನೊಬ್ಬರಿಗೆ ಕೀಲುನೋವು, ಮತ್ತೊಬ್ಬರಿಗೆ ಸದ್ದಿಲ್ಲದೆ ಹಾಳಾಗುತ್ತಿರುವ ಮೂತ್ರಪಿಂಡ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು, ಅವರಲ್ಲಿ ಹೆಚ್ಚಿನವರು ಹೆರಿಗೆಯ ವಯಸ್ಸಿನವರು. ಲಕ್ಷಣಗಳು ಹೀಗೆ ಚೆದುರಿಕೊಂಡಿರುವುದರಿಂದ ವೈದ್ಯರು ರಕ್ತದಲ್ಲಿ ಒಂದು ಗುರುತನ್ನು ಹುಡುಕುತ್ತಾರೆ. ಆ ಗುರುತೇ ತನ್ನದೇ ಜೀವಕೋಶದ ಕೇಂದ್ರದ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯ. ‘ಆ್ಯಂಟಿ ನ್ಯೂಕ್ಲಿಯರ್ ಆ್ಯಂಟಿಬಾಡಿ’, ಅಂದರೆ ಎಎನ್‌ಎ, ಇಂಥ ಪ್ರತಿಕಾಯಗಳ ಇಡೀ ಗುಂಪಿಗೆ ಇಟ್ಟ ಹೆಸರು.

ಈ ಹುಡುಕಾಟ ಶುರುವಾದದ್ದು 1948ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ, ಬೇರೊಂದು ಕೋಶದ ಕೇಂದ್ರವನ್ನು ನುಂಗಿ ಕುಳಿತ ಬಿಳಿ ರಕ್ತಕಣಗಳನ್ನು ಕಂಡರು. ‘ಎಲ್‌ಇ ಕೋಶ’ ಎಂದು ಹೆಸರಾದ ಈ ಪರೀಕ್ಷೆ ಬಹುಕಾಲ ನಡೆಯಿತು. 1957ರಲ್ಲಿ ಜಾರ್ಜ್ ಫ್ರಿಯೂ ಹೊಳೆಯುವ ಬಣ್ಣವನ್ನು ಬಳಸಿ ಇದೇ ಪ್ರತಿಕಾಯಗಳನ್ನು ನೇರವಾಗಿ ಕಾಣುವ ದಾರಿ ತೋರಿಸಿದರು. ಇಂದಿನ ಎಎನ್‌ಎ ಪರೀಕ್ಷೆಯ ಮೂಲ ಅದು. ಆರಂಭದಲ್ಲಿ ಇಲಿಯ ಯಕೃತ್ತು, ಮೂತ್ರಪಿಂಡದ ತೆಳು ಹೋಳುಗಳನ್ನು ಬಳಸುತ್ತಿದ್ದರು. ಅದರಲ್ಲಿ ಕೆಲವು ಪ್ರತಿಕಾಯಗಳು ತಪ್ಪಿಸಿಕೊಳ್ಳುತ್ತಿದ್ದವು. ‘ಎಎನ್‌ಎ ಇಲ್ಲದ ಲೂಪಸ್’ ಎಂದು ಆಗ ಕರೆಸಿಕೊಂಡ ಎಷ್ಟೋ ಪ್ರಕರಣಗಳಲ್ಲಿ ಕೊರತೆ ಇದ್ದದ್ದು ಇಲಿಯ ಹೋಳಿನಲ್ಲಿ. ಮುಂದೆ ಹೆಪ್-2 ಎಂಬ ಮನುಷ್ಯ ಮೂಲದ ಕ್ಯಾನ್ಸರ್ ಕೋಶಗಳು ಬಂದ ಮೇಲೆ ಆ ಸಂಖ್ಯೆ ತೀರಾ ಇಳಿಯಿತು.

ಈ ಪರೀಕ್ಷೆ ನಡೆಯುವ ರೀತಿ ಹೀಗೆ. ಗಾಜಿನ ಪಟ್ಟಿಯ ಮೇಲೆ ಬೆಳೆಸಿ ಒಣಗಿಸಿದ ಹೆಪ್-2 ಕೋಶಗಳಿರುತ್ತವೆ. ರೋಗಿಯ ಸೀರಮ್ ಅನ್ನು (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ತೆಳುವಾಗಿಸಿ ಒಂದು ಹನಿಯನ್ನು ಅದರ ಮೇಲೆ ಬಿಡುತ್ತಾರೆ. ಕೋಶಕೇಂದ್ರದ ವಿರುದ್ಧ ಪ್ರತಿಕಾಯವಿದ್ದರೆ ಅದು ಅಲ್ಲಿ ಹೋಗಿ ಅಂಟುತ್ತದೆ. ತೊಳೆದ ಮೇಲೆ, ಮನುಷ್ಯರ ಪ್ರತಿಕಾಯವನ್ನು ಹಿಡಿಯುವ ಮತ್ತೊಂದು ಪ್ರತಿಕಾಯವನ್ನು ಹಾಕುತ್ತಾರೆ. ಇದಕ್ಕೆ ಹಸಿರಾಗಿ ಹೊಳೆಯುವ ಬಣ್ಣವನ್ನು ಕಟ್ಟಿರುತ್ತಾರೆ. ಮತ್ತೆ ತೊಳೆದು, ಕತ್ತಲೆ ಕೋಣೆಯಲ್ಲಿ ಫ್ಲೋರೊಸೆಂಟ್ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಪಳಗಿದ ಕಣ್ಣು ಮೊದಲು ಹುಡುಕುವುದು ವಿಭಜನೆಯ ನಡುವೆ ನಿಂತ ಕೋಶಗಳನ್ನು. ಅಂಥ ಕೋಶದಲ್ಲಿ ವರ್ಣತಂತುಗಳು ನಡುವೆ ಒಂದು ಪಟ್ಟಿಯಾಗಿ ಸಾಲುಗೂಡಿರುತ್ತವೆ. ಆ ಪಟ್ಟಿ ಒಂದೇ ಸಮನೆ ಹೊಳೆದರೆ, ಉಳಿದ ಕೋಶಗಳ ಕೇಂದ್ರವೂ ಒಂದೇ ಸಮನೆ ಹೊಳೆಯುತ್ತಿದ್ದರೆ, ಪ್ರತಿಕಾಯ ಡಿಎನ್‌ಎ ಅಥವಾ ಅದು ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ವಿರುದ್ಧ ಇರಬಹುದು. ಪಟ್ಟಿ ಕಪ್ಪಾಗಿದ್ದು ಉಳಿದ ಕೋಶಗಳಲ್ಲಿ ಚುಕ್ಕೆಗಳು ಕಂಡರೆ ಎಸ್‌ಎಂ (Sm), ಆರ್‌ಎನ್‌ಪಿ (RNP), ಆರ್‌ಒ (Ro) ಮುಂತಾದ ಕೋಶದ ಪ್ರೋಟೀನ್‌ಗಳ ಕಡೆಗೆ ಗಮನ ಹರಿಯುತ್ತದೆ.

ಮೂರನೆಯ ಬಗೆಯೊಂದಿದೆ. ಕೇಂದ್ರದ ತುಂಬ ದಟ್ಟವಾದ ಸಣ್ಣ ಚುಕ್ಕೆಗಳು, ವರ್ಣತಂತುಗಳ ಪಟ್ಟಿಯ ಮೇಲೂ ಅವೇ ಚುಕ್ಕೆಗಳು. ಇದು ಡಿಎಫ್‌ಎಸ್-70 ಎಂಬ ಪ್ರತಿಕಾಯದ ಗುರುತು. ಇದು ಆರೋಗ್ಯವಂತರಲ್ಲಿಯೇ ಹೆಚ್ಚು ಕಾಣುತ್ತದೆ. ಬೇರೆ ಯಾವ ಪ್ರತಿಕಾಯವೂ ಜೊತೆಗಿಲ್ಲದಿದ್ದರೆ ಲೂಪಸ್ ಸಾಧ್ಯತೆ ತಗ್ಗಿತು ಎಂದೇ ಅರ್ಥ. ಆದರೆ ಅವಸರದ ಕಣ್ಣಿಗೆ ಇದು ಮೊದಲನೆಯ ಬಗೆಯಂತೆಯೇ ಕಂಡುಬಿಡುತ್ತದೆ. ಒಂದೇ ಗಾಜಿನ ಪಟ್ಟಿಯನ್ನು ನೋಡಿದ ಇಬ್ಬರಲ್ಲಿ ಒಬ್ಬರು ರೋಗದ ಕಡೆಗೆ, ಇನ್ನೊಬ್ಬರು ಆರೋಗ್ಯದ ಕಡೆಗೆ ಬೆರಳು ತೋರಿಸಬಹುದು ಎಂದರೆ ಆ ಕಣ್ಣಿನ ತರಬೇತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಊಹಿಸಬಹುದು. ಇಂಥ ವಿನ್ಯಾಸಗಳಿಗೆ ಜಗತ್ತಿನಾದ್ಯಂತ ಒಂದೇ ಹೆಸರು, ಒಂದೇ ಸಂಖ್ಯೆ ಇರಲಿ ಎಂದು ಐಕ್ಯಾಪ್ ಎಂಬ ತಜ್ಞರ ಕೂಟ ಪಟ್ಟಿ ಮಾಡಿದೆ. ವರದಿಯಲ್ಲಿ ‘ಎಸಿ-1’, ‘ಎಸಿ-2’ ಎಂಬಂಥ ಗುರುತು ಕಂಡರೆ ಅದು ಈ ಪಟ್ಟಿಯಿಂದ ಬಂದದ್ದು. ಎಸಿ-1 ಒಂದೇ ಸಮನಾದ ಹೊಳಪು, ಎಸಿ-2 ಈಗ ಹೇಳಿದ ದಟ್ಟ ಚುಕ್ಕೆ.

ಇನ್ನು 1:80, 1:160, 1:320 ಎಂಬ ಟೈಟರ್. ಸೀರಮ್ ಅನ್ನು ಎಷ್ಟು ಪಟ್ಟು ತೆಳುಮಾಡಿದರೂ ಹೊಳಪು ಉಳಿಯಿತು ಎಂಬುದರ ಲೆಕ್ಕ ಇದು. ಕೊನೆಯ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. ಕೆಲವು ಕಿಟ್‌ಗಳು 1:100ರಿಂದ ಶುರುಮಾಡುವುದರಿಂದ ಎರಡು ಲ್ಯಾಬ್‌ಗಳ ಅಂಕಿಗಳು ಒಂದೇ ಸಾಲಿಗೆ ಬರುವುದಿಲ್ಲ. ದೀಪದ ತೀವ್ರತೆ, ಬಣ್ಣದ ಗುಣ, ನೋಡುವವರ ಅಂದಾಜು ಸೇರಿ ಒಂದು ಹಂತದಷ್ಟು ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಹೋದ ಸಲ 1:160 ಇದ್ದದ್ದು ಈ ಸಲ 1:320 ಆಯಿತೆಂದು ನಿದ್ದೆಗೆಡುವ ಅಗತ್ಯವಿಲ್ಲ.

1997ರಲ್ಲಿ ಟ್ಯಾನ್ ಮತ್ತು ಸಹೋದ್ಯೋಗಿಗಳು ಹಲವು ಪ್ರಯೋಗಾಲಯಗಳಲ್ಲಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ ಪ್ರಕಟಿಸಿದ ಅಂಕಿಗಳು ಈ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತವೆ. 1:40ರಲ್ಲಿ ಆರೋಗ್ಯವಂತರ ಪೈಕಿ ಶೇ 31.7ರಷ್ಟು ಮಂದಿ ಪಾಸಿಟಿವ್ ಬಂದರು. 1:80ರಲ್ಲಿ ಶೇ 13.3, 1:160ರಲ್ಲಿ ಶೇ 5, 1:320ರಲ್ಲಿಯೂ ಶೇ 3.3. ಇದರ ಅರ್ಥವನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಲಕ್ಷ ಜನರಲ್ಲಿ 50 ಮಂದಿಗೆ ಲೂಪಸ್ ಇದೆ ಎಂದುಕೊಳ್ಳೋಣ. ಯಾವ ಲಕ್ಷಣವನ್ನೂ ಕೇಳದೆ ಎಲ್ಲರಿಗೂ 1:80ರಲ್ಲಿ ಪರೀಕ್ಷೆ ಮಾಡಿದರೆ ಆ 50ರಲ್ಲಿ 49 ಮಂದಿ ಸಿಕ್ಕಿಬೀಳುತ್ತಾರೆ, ಸರಿ. ಜೊತೆಗೆ ಲೂಪಸ್ ಇಲ್ಲದ ಸುಮಾರು 13,300 ಮಂದಿಯೂ ಪಾಸಿಟಿವ್ ಆಗುತ್ತಾರೆ. ಅಂದರೆ ಸುಮಾರು 270 ಪಾಸಿಟಿವ್ ವರದಿಗಳಲ್ಲಿ ಒಂದು ಮಾತ್ರ ಲೂಪಸ್. ಉಳಿದ 269 ಮಂದಿಗೆ ಆ ಕಾಗದ ಕೊಡುವುದು ಬರೀ ದಿಗಿಲು.

ಇದೇ ಪರೀಕ್ಷೆಯನ್ನು, ದದ್ದು, ಕೀಲುಬಾವು, ಮೂತ್ರದಲ್ಲಿ ಪ್ರೋಟೀನ್ ಇತ್ಯಾದಿ ನೋಡಿ ತಜ್ಞರು ಆರಿಸಿದ ನೂರು ಮಂದಿಗೆ ಮಾಡಿದರೆ ಚಿತ್ರ ಬದಲಾಗುತ್ತದೆ. ಅವರಲ್ಲಿ 40 ಮಂದಿಗೆ ನಿಜವಾಗಿ ಲೂಪಸ್ ಇದ್ದರೆ 39 ಮಂದಿ ಸಿಗುತ್ತಾರೆ. ಉಳಿದ 60 ಮಂದಿ ಬೇರೆ ಕಾಯಿಲೆಗಳವರಾದ್ದರಿಂದ ಅವರಲ್ಲಿ ಸುಳ್ಳು ಪಾಸಿಟಿವ್ ಆರೋಗ್ಯವಂತರಿಗಿಂತ ಹೆಚ್ಚು, ಸುಮಾರು 15 ಮಂದಿ. ಈಗ ನಾಲ್ಕರಲ್ಲಿ ಮೂರರ ಹತ್ತಿರದಷ್ಟು ಪಾಸಿಟಿವ್‌ಗಳು ನಿಜವಾದವು. ಇನ್ನೂ ಗಮನಿಸಬೇಕಾದದ್ದು ನೆಗೆಟಿವ್ ಬಂದ 46 ಮಂದಿ. ಅವರಲ್ಲಿ ಲೂಪಸ್ ಇರುವುದು ಒಬ್ಬರಿಗೆ. ಎಎನ್‌ಎಯ ನಿಜವಾದ ಬಲ ಇರುವುದು ಇಲ್ಲಿ. ಅದು ಲೂಪಸ್ ಇದೆ ಎಂದು ಹೇಳುವುದರಲ್ಲಿ ದುರ್ಬಲ, ಇಲ್ಲ ಎಂದು ಹೇಳುವುದರಲ್ಲಿ ಗಟ್ಟಿ. ಥೈರಾಯ್ಡ್‌ನ ಸ್ವಯಂನಿರೋಧಕ ಕಾಯಿಲೆ, ಕೆಲವು ಯಕೃತ್ತಿನ ರೋಗಗಳು, ದೀರ್ಘಕಾಲದ ಸೋಂಕುಗಳು, ಬರಿಯ ವೃದ್ಧಾಪ್ಯ ಕೂಡ ಅದನ್ನು ಪಾಸಿಟಿವ್ ಮಾಡಬಲ್ಲವು.

ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಗಳಾದ ಯೂಲಾರ್ ಮತ್ತು ಎಸಿಆರ್ 2019ರಲ್ಲಿ ಸೇರಿ ರೂಪಿಸಿದ ಮಾನದಂಡ ಈ ಗುಣವನ್ನೇ ನೆಚ್ಚಿಕೊಂಡಿದೆ. ಹೆಪ್-2 ಕೋಶಗಳ ಮೇಲೆ 1:80 ಅಥವಾ ಹೆಚ್ಚಿನ ಎಎನ್‌ಎ, ಇಲ್ಲವೇ ಅದಕ್ಕೆ ಸಮನಾದ ಪರೀಕ್ಷೆ ಒಮ್ಮೆಯಾದರೂ ಪಾಸಿಟಿವ್ ಆಗಿರಬೇಕು. ಇದು ಬಾಗಿಲು ಅಷ್ಟೇ, ಅಂಕ ಸಿಗುವುದಿಲ್ಲ. ಒಳಗೆ ಬಂದ ಮೇಲೆ ಲಕ್ಷಣಗಳಿಗೂ ರಕ್ತಪರೀಕ್ಷೆಗಳಿಗೂ ಅಂಕ ಕೂಡಿಸುತ್ತಾರೆ, ಹತ್ತು ಆಗಬೇಕು. ಡಿಎಸ್‌ಡಿಎನ್‌ಎ (ಜೋಡಿ ಎಳೆಯ ಡಿಎನ್‌ಎ) ಅಥವಾ ಎಸ್‌ಎಂ ಪ್ರತಿಕಾಯಕ್ಕೆ 6, ರೋಗನಿರೋಧಕ ವ್ಯವಸ್ಥೆಯ ಭಾಗವಾದ ಸಿ3 ಮತ್ತು ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಎರಡೂ ಇಳಿದಿದ್ದರೆ 4, ಫಾಸ್ಫೋಲಿಪಿಡ್ (ಕೋಶದ ಪೊರೆಯ ಕೊಬ್ಬಿನಂಶ) ವಿರುದ್ಧದ ಪ್ರತಿಕಾಯಕ್ಕೆ 2. ಕೂಡಿದರೆ 12. ರಕ್ತದಿಂದಲೇ ಹತ್ತು ದಾಟಿದರೂ ಕನಿಷ್ಠ ಒಂದು ದೈಹಿಕ ಲಕ್ಷಣವಿಲ್ಲದೆ ಲೂಪಸ್ ಎನ್ನುವಂತಿಲ್ಲ ಎಂದು ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲದೆ ಇದನ್ನು ಮಾಡಿರುವುದು ಸಂಶೋಧನೆಯಲ್ಲಿ ರೋಗಿಗಳನ್ನು ವರ್ಗೀಕರಿಸಲು. ಎದುರಿಗೆ ಕುಳಿತ ಒಬ್ಬರಿಗೆ ರೋಗವಿದೆಯೇ ಎಂಬ ತೀರ್ಮಾನ ವೈದ್ಯರದೇ.

‘ಸಮನಾದ ಪರೀಕ್ಷೆ’ ಎಂಬ ಮಾತಿನಲ್ಲಿಯೇ ಇಂದಿನ ಜಗಳ ಅಡಗಿದೆ. ಸೂಕ್ಷ್ಮದರ್ಶಕದ ಕೆಲಸಕ್ಕೆ ಸಮಯ ಬೇಕು, ತರಬೇತಿ ಬೇಕು. ದಿನಕ್ಕೆ ನೂರಾರು ಮಾದರಿಗಳು ಬರುವ ಕಡೆ ಎಲೈಸಾ (ಪ್ರತಿಕಾಯವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ), ಕೆಮಿಲ್ಯುಮಿನೆಸೆನ್ಸ್ (ಹೊಮ್ಮುವ ಬೆಳಕಿನಿಂದ ಅಳೆಯುವುದು), ಬಣ್ಣದ ಮಣಿಗಳ ಮೇಲೆ ಹಲವು ಪ್ರತಿಕಾಯಗಳನ್ನು ಒಟ್ಟಿಗೆ ಅಳೆಯುವ ಮಲ್ಟಿಪ್ಲೆಕ್ಸ್ ಯಂತ್ರಗಳು ಆ ಜಾಗವನ್ನು ಆಕ್ರಮಿಸಿವೆ. ಇವು ವೇಗವಾಗಿವೆ, ಅಂಕಿಯಲ್ಲಿ ಉತ್ತರ ಕೊಡುತ್ತವೆ, ನೋಡುವವರ ಅಂದಾಜನ್ನು ಅವಲಂಬಿಸುವುದಿಲ್ಲ. ಆದರೆ ಹೆಪ್-2 ಕೋಶದೊಳಗೆ ನೂರಕ್ಕೂ ಹೆಚ್ಚು ಗುರಿಗಳು ಇರುತ್ತವೆ, ಮಲ್ಟಿಪ್ಲೆಕ್ಸ್ ಯಂತ್ರದಲ್ಲಿ ತಯಾರಕರು ಆರಿಸಿಟ್ಟ ಹತ್ತು ಹದಿನೈದು ಗುರಿಗಳಷ್ಟೇ. ರೋಗಿಯ ಪ್ರತಿಕಾಯ ಆ ಪಟ್ಟಿಯಲ್ಲಿಲ್ಲದಿದ್ದರೆ ಯಂತ್ರ ‘ನೆಗೆಟಿವ್’ ಎನ್ನುತ್ತದೆ. ಬಾಗಿಲಲ್ಲಿ ಇಡಬೇಕಾದ್ದು ಯಾರನ್ನೂ ತಪ್ಪಿಸಿಕೊಳ್ಳಲು ಬಿಡದ ಸಣ್ಣ ಕಣ್ಣಿನ ಜರಡಿ. ಅಲ್ಲಿ ದೊಡ್ಡ ಕಣ್ಣಿನದನ್ನು ಇಟ್ಟರೆ ಮುಂದಿನ ಪರೀಕ್ಷೆಗಳೆಲ್ಲ ನಡೆಯದೆಯೇ ರೋಗಿ ಮನೆಗೆ ಹೋಗುತ್ತಾರೆ. ಎಸಿಆರ್‌ನ ಕಾರ್ಯಪಡೆ 2009ರಲ್ಲಿಯೇ ಎಎನ್‌ಎಗೆ ಸೂಕ್ಷ್ಮದರ್ಶಕ ವಿಧಾನವೇ ಪ್ರಮಾಣ ಎಂದು ಹೇಳಿತು. ಬೇರೆ ವಿಧಾನ ಬಳಸುವವರು ಅದು ಕಡಿಮೆಯಿಲ್ಲ ಎಂಬುದಕ್ಕೆ, ವೈದ್ಯರು ಕೇಳಿದರೆ, ಪುರಾವೆ ಒದಗಿಸಬೇಕು ಎಂದೂ ಹೇಳಿತು. ಯಂತ್ರಗಳ ಬಗ್ಗೆ ನನಗೆ ತಕರಾರಿಲ್ಲ. ಎರಡನ್ನೂ ಒಟ್ಟಿಗೆ ಬಳಸಿದರೆ ಖಚಿತತೆ ಹೆಚ್ಚುತ್ತದೆ ಎಂಬುದೂ ನಿಜ. ತಕರಾರಿರುವುದು ವರದಿಯಲ್ಲಿ ವಿಧಾನವನ್ನು ಬರೆಯದೆ ‘ಎಎನ್‌ಎ: ನೆಗೆಟಿವ್’ ಎಂದಷ್ಟೇ ಅಚ್ಚು ಹಾಕುವ ಅಭ್ಯಾಸದ ಬಗ್ಗೆ.

ಡಿಎಸ್‌ಡಿಎನ್‌ಎ ಪರೀಕ್ಷೆಗೆ ಬಂದರೆ ವಿಧಾನಗಳ ನಡುವಿನ ಅಂತರ ಇನ್ನೂ ದೊಡ್ಡದು. ಜೋಡಿ ಎಳೆಯ ಡಿಎನ್‌ಎ ವಿರುದ್ಧದ ಪ್ರತಿಕಾಯಗಳಿವು. ಲೂಪಸ್ ರೋಗಿಗಳ ಪೈಕಿ ಬಹುಪಾಲು ಮಂದಿಯಲ್ಲಿ ರೋಗದ ಯಾವುದಾದರೂ ಹಂತದಲ್ಲಿ ಕಾಣಿಸಿಕೊಳ್ಳುತ್ತವೆ, ಇತರ ಕಾಯಿಲೆಗಳಲ್ಲಿ ವಿರಳ. ಮೂತ್ರಪಿಂಡದ ಹಾನಿಯಲ್ಲಿ ನೇರ ಪಾತ್ರವೂ ಇದೆ. ಇವನ್ನು ಅಳೆಯಲು ಮುಖ್ಯವಾಗಿ ಮೂರು ದಾರಿಗಳು.

ಮೊದಲನೆಯದು ಹಳೆಯ ಫಾರ್ ವಿಧಾನ. ವಿಕಿರಣ ಬೆರೆಸಿದ ಡಿಎನ್‌ಎಯನ್ನು ಸೀರಮ್‌ಗೆ ಸೇರಿಸಿ, ಅಮೋನಿಯಂ ಸಲ್ಫೇಟ್ ಹಾಕಿ ಪ್ರತಿಕಾಯಗಳನ್ನು ತಳಕ್ಕೆ ಇಳಿಸುತ್ತಾರೆ. ಉಪ್ಪಿನ ಅಂಶ ಅಷ್ಟು ಹೆಚ್ಚಿರುವಾಗಲೂ ಡಿಎನ್‌ಎಯನ್ನು ಬಿಡದೆ ಹಿಡಿದ ಪ್ರತಿಕಾಯಗಳಷ್ಟೇ ಲೆಕ್ಕಕ್ಕೆ ಸಿಗುತ್ತವೆ. ಹಾಗೆ ಬಿಗಿಯಾಗಿ ಹಿಡಿಯುವವೇ ರೋಗಕ್ಕೆ ಹತ್ತಿರದವು. ಆದ್ದರಿಂದ ಫಾರ್ ಪಾಸಿಟಿವ್ ಎಂದರೆ ತೂಕದ ಮಾತು. ಆದರೆ ವಿಕಿರಣ ವಸ್ತುಗಳ ನಿರ್ವಹಣೆಯ ತೊಂದರೆಯಿಂದ ಕೆಲವೇ ಕಡೆ ಉಳಿದಿದೆ.

ಎರಡನೆಯದು ನನಗೆ ಬಹಳ ಮೆಚ್ಚುಗೆಯಾದದ್ದು. ಕ್ರಿಥಿಡಿಯಾ ಲೂಸಿಲಿಯೇ ಎಂಬುದು ನೊಣಗಳ ಕರುಳಿನಲ್ಲಿ ಬದುಕುವ, ಬಾಲವುಳ್ಳ ಏಕಕೋಶ ಜೀವಿ. ಮನುಷ್ಯರಿಗೆ ರೋಗ ತರುವುದಿಲ್ಲ. ಅದರೊಳಗೆ ಕೋಶಕೇಂದ್ರವಲ್ಲದೆ ಕೈನೆಟೋಪ್ಲಾಸ್ಟ್ ಎಂಬ ಸಣ್ಣ ಬಿಂದುವಿದೆ. ಉಂಗುರದಂತೆ ಸುತ್ತಿಕೊಂಡ ಜೋಡಿ ಎಳೆಯ ಡಿಎನ್‌ಎ ಅಲ್ಲಿ ದಟ್ಟವಾಗಿ ತುಂಬಿರುತ್ತದೆ, ಹಿಸ್ಟೋನ್‌ಗಳ ಕಲಬೆರಕೆಯಿಲ್ಲ. ರೋಗಿಯ ಸೀರಮ್ ಹಾಕಿದಾಗ ಆ ಬಿಂದು ಹಸಿರಾಗಿ ಬೆಳಗಿದರೆ ಪ್ರತಿಕಾಯ ಅಂಟಿರುವುದು ಜೋಡಿ ಎಳೆಯ ಡಿಎನ್‌ಎಗೇ ಎಂದು ಧೈರ್ಯವಾಗಿ ಹೇಳಬಹುದು. ಕೋಶಕೇಂದ್ರ ಮಾತ್ರ ಹೊಳೆದರೆ ಅದು ಲೆಕ್ಕಕ್ಕಿಲ್ಲ. ಸುಳ್ಳು ಪಾಸಿಟಿವ್ ಅಪರೂಪ. ಕೊರತೆಯೆಂದರೆ, ಪ್ರತಿಕಾಯ ಕಡಿಮೆಯಿರುವ ರೋಗಿಗಳು ತಪ್ಪಿಹೋಗುತ್ತಾರೆ, ಏರಿಳಿತವನ್ನು ನಿಖರವಾಗಿ ಅಳೆಯಲೂ ಬರುವುದಿಲ್ಲ.

ಮೂರನೆಯದು ಎಲೈಸಾ, ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು. ಡಿಎನ್‌ಎ ಪ್ಲಾಸ್ಟಿಕ್‌ಗೆ ತಾನಾಗಿ ಅಂಟುವುದಿಲ್ಲ, ನಡುವೆ ಒಂದು ಅಂಟು ವಸ್ತು ಬೇಕು. ಆ ಅಂಟಿಗೇ ಬೇರೆ ಪ್ರತಿಕಾಯಗಳು ಮೆತ್ತಿಕೊಳ್ಳುವುದುಂಟು. ತಯಾರಿಕೆಯಲ್ಲಿ ಡಿಎನ್‌ಎಯ ಜೋಡಿ ಬಿಚ್ಚಿ ಒಂಟಿ ಎಳೆ ಬೆರೆತರೆ, ಯಾವ ಯಾವುದೋ ಕಾಯಿಲೆಯಲ್ಲಿ ಕಾಣುವ ಪ್ರತಿಕಾಯಗಳೂ ಹಿಡಿಯುತ್ತವೆ. ಸಡಿಲವಾಗಿ ಹಿಡಿಯುವ ಪ್ರತಿಕಾಯಗಳನ್ನೂ ಅದು ಎಣಿಸುತ್ತದೆ. ಹೀಗಾಗಿ ಎಲೈಸಾ ಹೆಚ್ಚು ರೋಗಿಗಳನ್ನು ಹಿಡಿಯುತ್ತದೆ, ಜೊತೆಗೆ ರೋಗವಿಲ್ಲದವರನ್ನೂ ಹಿಡಿಯುತ್ತದೆ. ಇದನ್ನು ಅರಿತೇ ಸ್ಲಿಕ್ ಎಂಬ ಅಂತರರಾಷ್ಟ್ರೀಯ ಲೂಪಸ್ ತಜ್ಞರ ಕೂಟದ 2012ರ ಮಾನದಂಡ ಎಲೈಸಾಗೆ ಬೇರೆ ನಿಯಮ ಇಟ್ಟಿತು. ಇತರ ವಿಧಾನಗಳಲ್ಲಿ ಲ್ಯಾಬಿನ ಮಿತಿ ದಾಟಿದರೆ ಸಾಕು, ಎಲೈಸಾದಲ್ಲಿ ಮಿತಿಯ ಎರಡು ಪಟ್ಟು ದಾಟಬೇಕು. 2019ರ ಮಾನದಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೋಲುವ ಇತರ ಕಾಯಿಲೆಗಳವರಲ್ಲಿ ಶೇ 90ರಷ್ಟಾದರೂ ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳಬಲ್ಲ ಪರೀಕ್ಷೆಯನ್ನು ಮಾತ್ರ ಒಪ್ಪುತ್ತದೆ.

ಆದ್ದರಿಂದ ಎಲೈಸಾದಲ್ಲಿ ಮಿತಿಗಿಂತ ತುಸು ಮೇಲೆ ಬಂದ ಅಂಕಿಯನ್ನು ಕ್ರಿಥಿಡಿಯಾದಲ್ಲಿ ಮತ್ತೊಮ್ಮೆ ನೋಡುವುದು ಒಳ್ಳೆಯ ಕ್ರಮ. ಎರಡರಲ್ಲೂ ಪಾಸಿಟಿವ್ ಬಂದರೆ ಲೂಪಸ್ ಸಾಧ್ಯತೆ ಬಲವಾಗುತ್ತದೆ. ಒಂದರಲ್ಲಷ್ಟೇ ಬಂದರೆ ಕಾದು ನೋಡಬೇಕಾದ ಪ್ರಕರಣ. ಅಂಕಿಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಘಟಕದ ಹೆಸರು ಎಲ್ಲ ಕಡೆ ಒಂದೇ ಇದ್ದರೂ ಒಂದು ಕಂಪನಿಯ ಕಿಟ್‌ನ 60 ಇನ್ನೊಂದರ 60 ಅಲ್ಲ. ರೋಗದ ಏರಿಳಿತವನ್ನು ತಿಂಗಳುಗಟ್ಟಲೆ ಗಮನಿಸಬೇಕಾದವರು ಒಂದೇ ಲ್ಯಾಬ್, ಒಂದೇ ವಿಧಾನಕ್ಕೆ ಅಂಟಿಕೊಳ್ಳಬೇಕು. ಹೀಗೆ ಮತ್ತೆ ಮತ್ತೆ ಅಳೆಯಲು ತಕ್ಕದ್ದು ಡಿಎಸ್‌ಡಿಎನ್‌ಎ, ಸಿ3 ಮತ್ತು ಸಿ4. ಎಎನ್‌ಎ ಒಮ್ಮೆ ಖಚಿತವಾಗಿ ಪಾಸಿಟಿವ್ ಬಂದ ಮೇಲೆ ಅದನ್ನು ಪದೇ ಪದೇ ಮಾಡಿಸುವುದರಿಂದ ಏನೂ ತಿಳಿಯುವುದಿಲ್ಲ, ಅದರ ಟೈಟರ್ ರೋಗದ ಜೊತೆ ಏರಿಳಿಯುವುದಿಲ್ಲ.

ಎಸ್‌ಎಂ ಪ್ರತಿಕಾಯ ಇದಕ್ಕೆಲ್ಲ ವಿರುದ್ಧ ಸ್ವಭಾವದ್ದು. 1966ರಲ್ಲಿ ಟ್ಯಾನ್ ಮತ್ತು ಕುಂಕೆಲ್ ಇದನ್ನು ವಿವರಿಸಿದರು. ಲೂಪಸ್ ರೋಗಿಗಳಲ್ಲಿ ಸ್ವಲ್ಪ ಪಾಲು ಮಂದಿಯಲ್ಲಿ ಮಾತ್ರ ಸಿಗುತ್ತದೆ. ಆಫ್ರಿಕನ್ ಮತ್ತು ಏಷ್ಯನ್ ಮೂಲದವರಲ್ಲಿ ಯುರೋಪಿನವರಿಗಿಂತ ಹೆಚ್ಚು. ಆದರೆ ಸಿಕ್ಕರೆ, ಲೂಪಸ್ ಎಂದು ಹೇಳಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೊಂದಿಲ್ಲ. ಸಿಗದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ಹಿಸ್ಟೋನ್ ಪ್ರತಿಕಾಯ ಮುಖ್ಯವಾಗುವುದು ಪ್ರೊಕೈನಮೈಡ್, ಹೈಡ್ರಲಜೀನ್ ಮುಂತಾದ ಔಷಧಗಳಿಂದ ಲೂಪಸ್‌ನಂಥ ಲಕ್ಷಣ ಬಂದಾಗ. ಸಿ1ಕ್ಯೂ ಎಂಬ ಕಾಂಪ್ಲಿಮೆಂಟ್ ಪ್ರೋಟೀನ್‌ನ ವಿರುದ್ಧದ ಪ್ರತಿಕಾಯ ಮೂತ್ರಪಿಂಡದ ಹಾನಿಯ ಜೊತೆ ಹೆಣೆದುಕೊಂಡಿದೆ.

ಇಂಥ ಹಲವು ಪ್ರತಿಕಾಯಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಲೈನ್ ಬ್ಲಾಟ್ ಪರೀಕ್ಷೆ ‘ಎಎನ್‌ಎ ಪ್ರೊಫೈಲ್’ ಎಂಬ ಹೆಸರಿನಲ್ಲಿ ಓಡಾಡುತ್ತಿದೆ. ಎಎನ್‌ಎಯನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆಯೇ ನೇರವಾಗಿ ಇದನ್ನು ಮಾಡಿಸುವವರು ಹೆಚ್ಚುತ್ತಿದ್ದಾರೆ. ಹದಿನೈದು ಗೆರೆಗಳಲ್ಲಿ ಒಂದರ ಮುಂದೆ ‘+’ ಬೀಳುತ್ತದೆ, ಆ ಒಂದು ಗುರುತಿನ ಹಿಂದೆ ತಿಂಗಳುಗಟ್ಟಲೆ ಅಲೆದಾಟ ಶುರುವಾಗುತ್ತದೆ. ಹೆಚ್ಚು ಗುರಿಗಳನ್ನು ಒಟ್ಟಿಗೆ ನೋಡಿದಷ್ಟೂ ಒಂದಾದರೂ ಸುಳ್ಳು ಪಾಸಿಟಿವ್ ಬೀಳುವ ಸಾಧ್ಯತೆ ಹೆಚ್ಚುತ್ತದೆ, ಗಣಿತವೇ ಹಾಗೆ. ಎಎನ್‌ಎ ಪಾಸಿಟಿವ್ ಇದ್ದು ರೋಗದ ಅನುಮಾನವೂ ಇದ್ದರೆ ಮಾತ್ರ ಒಳಗಿನ ಪ್ರತಿಕಾಯಗಳನ್ನು ಹುಡುಕಿ ಎಂದು ಎಸಿಆರ್ 2013ರಲ್ಲಿ ವೈದ್ಯರಿಗೆ ಸಲಹೆ ಕೊಟ್ಟದ್ದು ಇದಕ್ಕಾಗಿಯೇ. ಪ್ರೊಫೈಲ್ ಮಾಡಿಸುವ ಮುನ್ನ ಒಂದು ಸಾದಾ ಮೂತ್ರಪರೀಕ್ಷೆ, ರಕ್ತಕಣಗಳ ಎಣಿಕೆ ಮಾಡಿಸಿದರೆ ಎಷ್ಟೋ ಸಲ ಹೆಚ್ಚು ತಿಳಿಯುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬುದನ್ನು ಯಾವ ಪ್ರತಿಕಾಯವೂ ಹೇಳುವುದಿಲ್ಲ.

ಹಾಗೆಂದು ರೋಗವಿಲ್ಲದವರ ಪ್ರತಿಕಾಯಕ್ಕೆ ಅರ್ಥವೇ ಇಲ್ಲ ಎನ್ನಲಾಗದು. ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ಸೀರಮ್ ಮಾದರಿಗಳನ್ನು ವರ್ಷಗಳ ಕಾಲ ಶೀತಲೀಕರಿಸಿ ಇಟ್ಟುಕೊಂಡಿತ್ತು. ಅವರಲ್ಲಿ ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ಮಾದರಿಗಳನ್ನು ಸಂಶೋಧಕರು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. 115 ಮಂದಿಯಲ್ಲಿ ರೋಗ ಪತ್ತೆಯಾಗುವ ಮುಂಚೆಯೇ ಒಂದಾದರೂ ಪ್ರತಿಕಾಯವಿತ್ತು, ಸರಾಸರಿ 3.3 ವರ್ಷ ಮೊದಲು. ಎಎನ್‌ಎ, ಆರ್‌ಒ ಮೊದಲು ಬಂದವು. ಡಿಎಸ್‌ಡಿಎನ್‌ಎ ನಂತರ. ಎಸ್‌ಎಂ ಮತ್ತು ಆರ್‌ಎನ್‌ಪಿ ರೋಗ ಬಾಗಿಲಿಗೆ ಬಂದಾಗ. ಇದನ್ನು ಓದಿ ಎಎನ್‌ಎ ಪಾಸಿಟಿವ್ ಬಂದವರು ಹೆದರಬೇಕಿಲ್ಲ. ಅಧ್ಯಯನ ಹಿಂದಿರುಗಿ ನೋಡಿದ್ದು ರೋಗ ಬಂದವರನ್ನು, ಪ್ರತಿಕಾಯವಿದ್ದೂ ರೋಗ ಬಾರದವರೇ ಬಹಳ ಹೆಚ್ಚು. ಆದರೆ ಟೈಟರ್ ಹೆಚ್ಚಿದ್ದು, ಒಂದೆರಡು ಲಕ್ಷಣಗಳೂ ಇರುವವರು ಕಾಲಕಾಲಕ್ಕೆ ವೈದ್ಯರನ್ನು ಕಾಣುವುದು ಸರಿ.

ಮಹಿಳೆ ತಾನು ಆರೋಗ್ಯವಾಗಿದ್ದರೂ ನಿರ್ಲಕ್ಷಿಸುವಂತಿಲ್ಲದ ಪ್ರತಿಕಾಯ ಒಂದಿದೆ, ಆರ್‌ಒ. ಗರ್ಭಿಣಿಯ ರಕ್ತದಿಂದ ಇದು ಮಗುವಿನ ರಕ್ತಕ್ಕೆ ದಾಟುತ್ತದೆ. ಇಂಥ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಒಂದೆರಡರಲ್ಲಿ, ಬಹುತೇಕ ಐದನೆಯ ಆರನೆಯ ತಿಂಗಳಲ್ಲಿ, ಹೃದಯದ ಬಡಿತವನ್ನು ಸಾಗಿಸುವ ವ್ಯವಸ್ಥೆ ಹಾಳಾಗುತ್ತದೆ. ಪೂರ್ತಿ ತಡೆಯಾದರೆ ಅದು ಮತ್ತೆ ಸರಿಹೋಗುವುದಿಲ್ಲ. ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಮಗುವಿಗೂ ಆಗುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಆ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು ಎಂದು 2020ರ ಅಧ್ಯಯನ ತೋರಿಸಿದೆ. ಹೆಪ್-2 ಕೋಶಗಳಲ್ಲಿ ಆರ್‌ಒ ಪ್ರೋಟೀನ್ ಕಡಿಮೆಯಿರುವುದರಿಂದ, ಸೂಕ್ಷ್ಮದರ್ಶಕದ ಎಎನ್‌ಎ ಹಲವು ಸಲ ಇದನ್ನು ಕಾಣದೆಯೇ ಹೋಗುತ್ತದೆ. ಇಲ್ಲಿ ಎಲೈಸಾ ಅಥವಾ ಲೈನ್ ಬ್ಲಾಟ್‌ನದೇ ಮೇಲುಗೈ. ಬಿಸಿಲಿಗೆ ಸಿಡಿಯುವ ದದ್ದು, ಒಣಗುವ ಕಣ್ಣು ಬಾಯಿ, ಹಿಂದಿನ ಮಗುವಿನ ಹೃದಯದ ತೊಂದರೆ, ಇವುಗಳಲ್ಲಿ ಯಾವುದಾದರೂ ಇರುವ ಮಹಿಳೆ ಗರ್ಭ ಧರಿಸುವ ಮುನ್ನ ಆರ್‌ಒ ಪ್ರತಿಕಾಯವನ್ನು ಹೆಸರು ಹೇಳಿಯೇ ಕೇಳಿ ಮಾಡಿಸಿಕೊಳ್ಳಬೇಕು, ಎಎನ್‌ಎ ವರದಿಯಲ್ಲಿ ನೆಗೆಟಿವ್ ಎಂದಿದ್ದರೂ ಸರಿಯೆ.